ಭಾನುವಾರದ ಎರಡು ಬಕೆಟ್

ನಮ್ಮ ಮನೆಯಲ್ಲಿ ಭಾನುವಾರ ಬೆಳಗಾಗುತ್ತಿದ್ದುದು ಬಕೆಟ್ಟಿನ ಸದ್ದಿಗೆ. ಉಳಿದವರ ಮನೆಯ ಮಕ್ಕಳು ಅಂದು ಎಂಟೂವರೆಯವರೆಗೆ ಮಲಗುತ್ತಾರೆ ಎನ್ನುವುದು ಶಾಲೆಯಲ್ಲಿ ಗೆಳತಿಯರು ಹೇಳಿ ನನಗೆ ತಿಳಿದದ್ದು. ನಮ್ಮಲ್ಲಿ ಆರಕ್ಕೆ ಮುಂಚೆಯೇ ಅಪ್ಪ ಗ್ಯಾಲರಿಯ ಗ್ರಿಲ್ಲಿಗೆ ನೇತುಹಾಕಿದ್ದ ಎರಡು ಬಕೆಟ್ಟುಗಳನ್ನು ಇಳಿಸಿ, ನನ್ನ ಮತ್ತು ತಮ್ಮ ಪ್ರಸಾದನ ತಲೆದೆಸೆಯಲ್ಲಿ ಧಡ್ಡೆಂದು ಇಡುತ್ತಿದ್ದರು. ಏಳಿ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಡೊಂಬಿವಲಿಯ ಎಂಐಡಿಸಿ ಎಂಬ ಕಾರ್ಖಾನೆಗಳ ವಲಯದ ನಮ್ಮ ಬಿಲ್ಡಿಂಗಿನಲ್ಲಿ ಕಾಂಪೌಂಡಿನ ನಲ್ಲಿಗೆ ನೀರು ಬರುತ್ತಿದ್ದುದು ಆರರಿಂದ ಏಳರವರೆಗೆ ಮಾತ್ರ. ಪೈಪು ಹಾಕಿ ಗಾಡಿ ತೊಳೆಯಬಾರದೆಂಬ ಸೊಸೈಟಿಯ ನೋಟೀಸು ನಲ್ಲಿಯ ಮೇಲೆಯೇ ಅಂಟಿಕೊಂಡಿತ್ತು. ಹಾಗಾಗಿ ಆ ಒಂದು ಗಂಟೆಯೊಳಗೆ, ಬಕೆಟ್ಟಿನಲ್ಲಿ ನೀರು ಹೊತ್ತು, ನಾವು ಮೂವರು ಸೇರಿ ಅಪ್ಪನ ಬಿಳಿ ಕಾರನ್ನು ತೊಳೆದು ಮುಗಿಸಬೇಕಾಗಿತ್ತು.

"ಪಪ್ಪಾ, ಸಂಡೇ ಹೈ ನಾ," ಎಂದು ಪ್ರಸಾದ ಹೊದಿಕೆಯೊಳಗಿಂದಲೇ ಗೋಗರೆಯುತ್ತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಹೊರಡುತ್ತಿದ್ದುದು ಹಿಂದಿ.

"ಸಂಡೇ ಅಂತಲೇ ಎಬ್ಬಿಸಿದ್ದು," ಎನ್ನುತ್ತಿದ್ದರು ಅಪ್ಪ.

ಆ ಕಾರು ಹೊಸದೇನೂ ಅಲ್ಲ. ಯಾರೋ ಓಡಿಸಿ ಬಿಟ್ಟ ಪುಟ್ಟ ಗಾಡಿ. ಅದು ಎಲ್ಲಿಗಾದರೂ ಹೋಗುತ್ತಿತ್ತೇ ಎಂದರೆ ಅದೂ ಇಲ್ಲ. ಅಪ್ಪ ಬಟ್ಟೆಯ ಬಣ್ಣದ ಡೈ ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆ ಮನೆಯಿಂದ ಹತ್ತು ನಿಮಿಷದ ನಡಿಗೆ, ಅವರು ನಡೆದೇ ಹೋಗುತ್ತಿದ್ದರು. ಅವರ ಬೆರಳುಗಳು ಒಂದು ವಾರ ಅರಿಶಿನ ಅರೆದವರಂತೆ ಹಳದಿ, ಇನ್ನೊಂದು ವಾರ ನೇರಳೆ. ಊಟದ ತಟ್ಟೆಯ ಮುಂದೆ ಆ ಕೈ ಕಂಡಾಗೆಲ್ಲ ಅಮ್ಮ ಚಮಚ ತಂದಿಡುತ್ತಿದ್ದಳು, ಅವರು ಅದನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಉಣ್ಣುತ್ತಿದ್ದರು. ಎಂಐಡಿಸಿಯ ಗಾಳಿಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಎಲ್ಲ ವಸ್ತುವಿನ ಮೇಲೂ ಜಿಡ್ಡುಜಿಡ್ಡಾದ ಒಂದು ಪದರ ಕೂರುತ್ತಿತ್ತು. ಒಣಗಿಹಾಕಿದ ಬಟ್ಟೆ, ತುಳಸಿ ಎಲೆ, ಕಿಟಕಿಯ ಸರಳು, ಯಾವುದೂ ಬಿಡದು. ಅಂಥ ಊರಿನಲ್ಲಿ ಬಿಳಿ ಕಾರು ಕೊಂಡು, ಅದನ್ನು ಬಿಳಿಯಾಗಿಯೇ ಇಡುತ್ತೇನೆಂದು ಅಪ್ಪ ಹಟ ತೊಟ್ಟಿದ್ದರು.

"ಬಿಳಿಯೇ ಯಾಕೆ ತಗೊಂಡದ್ದು ಮಾರಾಯ್ರೆ? ಬೂದಿ ಬಣ್ಣದ್ದು ತಗೊಂಡಿದ್ರೆ ಅದರಷ್ಟಕ್ಕೆ ಇರ್ತಿತ್ತು," ಎಂದು ಅಮ್ಮ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಕಾರ್ಕಳದ ಕಡೆಯವಳು. ಸಿಟ್ಟು ಒಂದು ಹದ ದಾಟಿದರೆ ತುಳುವಿಗೆ ಇಳಿಯುತ್ತಿದ್ದಳು. ಅಪ್ಪ ಕುಂದಾಪುರದವರು, ತುಳು ಬಾರದು. ಬೈಗುಳದ ಮುಖ್ಯಭಾಗವೆಲ್ಲ ಹೀಗೆ ಅವರ ಕಿವಿಯ ಪಕ್ಕದಿಂದ ಹಾದುಹೋಗುತ್ತಿತ್ತು. ಅವರ ಸಂಸಾರ ಇಷ್ಟು ಕಾಲ ನಡೆದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ತೊಳೆಯುವುದಕ್ಕೆ ಒಂದು ಶಾಸ್ತ್ರವಿತ್ತು. ಒಂದು ಬಕೆಟ್ಟಿನಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬರಿ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರಿ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ ಆಮೇಲೆ ಸಾಬೂನಿಗೆ ಹಾಕಬೇಕು, ನೇರವಾಗಿ ಸಾಬೂನಿಗೆ ಅದ್ದಿದರೆ ಅಪ್ಪನ ಕಣ್ಣು ಕೆಂಪಾಗುತ್ತಿತ್ತು. ತಲೆಯಿಂದ ಶುರು, ಚಕ್ರ ಕೊನೆಗೆ. ಚಕ್ರಕ್ಕೆ ಮುಟ್ಟಿಸಿದ ಬಟ್ಟೆ ಮತ್ತೆ ಮೈಗೆ ಮುಟ್ಟಬಾರದು, ಥೇಟು ಮಡಿ ಮೈಲಿಗೆಯ ಹಾಗೆ. ದೋಸೆ ಹುಯ್ದಂತೆ ಸುತ್ತ ಸುತ್ತ ತಿಕ್ಕಬಾರದು, ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಏಸಿಯ ಕಿಂಡಿಗಳಿಗೆ ಹಳೆಯ ಟೂತ್‌ಬ್ರಶ್, ಗುಂಡಿಗಳ ಸಂದಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ. ಆ ಹತ್ತಿಕಡ್ಡಿಯ ಕೆಲಸ ನನ್ನದು. ಮುಂದಿನ ಸೀಟಿನಲ್ಲಿ ಮಂಡಿಯೂರಿ, ರೇಡಿಯೋದ ಒಂದೊಂದೇ ಗುಂಡಿಯ ಸುತ್ತ ಕಡ್ಡಿ ತಿರುಗಿಸುತ್ತ, ಇದು ಯಾವ ಜನ್ಮದ ಕರ್ಮ ಎಂದು ಹನ್ನೆರಡನೆಯ ವಯಸ್ಸಿಗೇ ಯೋಚಿಸಿದವಳು ನಾನು. ಆ ರೇಡಿಯೋ ಕೆಲಸ ಮಾಡುತ್ತಿರಲಿಲ್ಲ.

ಕಾರು ಕೆಳಗಿದ್ದರೂ ಅದರ ಸಂಸಾರವೆಲ್ಲ ಎರಡನೆಯ ಮಾಳಿಗೆಯ ನಮ್ಮ ಮನೆಯಲ್ಲಿತ್ತು. ಅಡುಗೆಮನೆಯ ಅಟ್ಟದಲ್ಲಿ ಕುಚ್ಚಲಕ್ಕಿ ಡಬ್ಬಿಯ ಪಕ್ಕದಲ್ಲಿ ಪಾಲಿಶ್ ಡಬ್ಬಿ, ಶಾಂಪೂ ಕ್ಯಾನು. ಗ್ಯಾಲರಿಯಲ್ಲಿ ಮೂರು ಹಗ್ಗ: ಗಾಜಿಗೆಂದು ಅಮ್ಮನ ಹಳೆ ಹತ್ತಿ ಸೀರೆಯ ತುಂಡು, ಮೈಗೆಂದು ಬನಿಯನ್ನು, ಕೊನೆಯಲ್ಲಿ ಒರೆಸಲು ಅಪ್ಪನ ಪಂಚೆ. ಒಮ್ಮೆ ಅಮ್ಮ ಅವಸರದಲ್ಲಿ ಪಾಲಿಶ್ ಬಟ್ಟೆಯಿಂದ ಇಡ್ಲಿ ಪಾತ್ರೆ ಹಿಡಿದಿಳಿಸಿದಳು. ಅಂದು ಇಡ್ಲಿಗೂ ಚಟ್ನಿಗೂ ಮೇಣದ ವಾಸನೆ.

"ಇದು ಅಡುಗೆಮನೆಯಾ, ಗ್ಯಾರೇಜಾ? ಒಂದು ಸಲ ಹೇಳಿಬಿಡಿ, ನಾನು ಅದರ ಹಾಗೆ ಇರ್ತೇನೆ," ಎಂದಳು ಅಮ್ಮ.

"ಇಡ್ಲಿ ಚೆಂದ ಹೊಳೀತಾ ಉಂಟು," ಎಂದರು ಅಪ್ಪ. ಅಂದು ಮಧ್ಯಾಹ್ನ ಅವರಿಗೆ ಅನ್ನ ಸಿಕ್ಕಿದ್ದು ಎರಡೂವರೆಗೆ.

ಬಿಲ್ಡಿಂಗಿನಲ್ಲಿ ಉಳಿದ ಹದಿನಾಲ್ಕು ಕಾರುಗಳನ್ನು ತೊಳೆಯುತ್ತಿದ್ದವನು ಶರಣಪ್ಪ. ಕಲಬುರಗಿ ಕಡೆಯವನು, ನಲವತ್ತು ದಾಟಿದ, ಮೀಸೆಯಲ್ಲಿ ಬಿಳಿ ಕೂದಲು ಬಂದ ಗಟ್ಟಿ ಆಳು. ಶಹಾಡಿನಲ್ಲಿ ಅವನ ಮನೆ. ದಿನಾ ಬೆಳಗಿನ ಲೋಕಲ್ ರೈಲಿನಲ್ಲಿ ಬಂದು ಗಾಡಿಗಳನ್ನು ಒರೆಸಿ, ಹತ್ತು ಗಂಟೆಗೆ ಗೋದಾಮೊಂದಕ್ಕೆ ಮೂಟೆ ಹೊರಲು ಹೋಗುತ್ತಿದ್ದ. ಒಂದೇ ಬಕೆಟ್ಟು, ಒಂದೇ ಬಟ್ಟೆ. ಆ ಬಕೆಟ್ಟಿನ ನೀರು ಏಳನೆಯ ಕಾರಿನ ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗುವುದನ್ನು ಅಪ್ಪ ನಮ್ಮ ಕಾರಿನ ಮರೆಯಿಂದ ನೋಡುತ್ತ ಹಲ್ಲು ಕಡಿಯುತ್ತಿದ್ದರು. ನಮ್ಮ ಗಾಡಿಯನ್ನು ಅವನು ಮುಟ್ಟುವ ಹಾಗಿರಲಿಲ್ಲ. ಶರಣಪ್ಪನಿಗೆ ಅದರ ಬೇಸರವೂ ಇರಲಿಲ್ಲ, ನಮ್ಮನ್ನು ನೋಡುವುದೇ ಅವನಿಗೊಂದು ಮೋಜು.

"ಅಣ್ಣಾರ, ಗಾಡಿ ತೊಳ್ಯಾಕತ್ತೀರೋ, ಮದುಮಗಳಿಗೆ ಎಣ್ಣಿ ನೀರು ಹಾಕಾಕತ್ತೀರೋ?" ಎಂದು ಕೇಳಿ ಗಹಗಹಿಸುತ್ತಿದ್ದ. ನನಗೆ ನಗು ತಡೆಯುತ್ತಿರಲಿಲ್ಲ. ಅಪ್ಪ ಬಗ್ಗಿ ಚಕ್ರ ತಿಕ್ಕುತ್ತಿದ್ದರು. ಆದರೆ ನಾನು ಬಕೆಟ್ಟು ತುಂಬಿಸಲು ಹೋದಾಗ ಶರಣಪ್ಪ ನಲ್ಲಿಯ ಕೆಳಗಿಂದ ತನ್ನ ಬಕೆಟ್ಟು ಸರಿಸಿ, "ಮೊದಲ ನೀ ತುಂಬ್ಕೋ ತಂಗಿ, ನಿಮ್ಮಪ್ಪ ಕಾಯಾಕತ್ತಾರ," ಎನ್ನುತ್ತಿದ್ದ. ಆ ಕಾಂಪೌಂಡಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದ ಹೊರಗಿನವನು ಅವನೊಬ್ಬನೇ.

ಒಂದು ಮೇ ತಿಂಗಳು. ಕೋಪರಖೈರಣೆಯಲ್ಲಿ ಸೋದರಮಾವನ ಹೊಸ ಮನೆಯ ಗೃಹಪ್ರವೇಶ ಭಾನುವಾರಕ್ಕೆ ನಿಗದಿಯಾಗಿತ್ತು. ಕಾರು ಹೊರಡುವ ಅಪರೂಪದ ದಿನ. ಅಪ್ಪ ಇಡೀ ವಾರ ಸಂಜೆ ಸಂಜೆ ಪಾಲಿಶ್ ಹಾಕಿ ಅದನ್ನು ಹೊಳೆಯಿಸಿದ್ದರು. ಶನಿವಾರ ಕೆಲಸಕ್ಕೆ ಹೊರಡುವಾಗ ನೋಡುತ್ತಾರೆ, ಬಾನೆಟ್ಟಿನ ನಟ್ಟನಡುವೆ ಪಾರಿವಾಳದ ಹಿಕ್ಕೆ. ಅವರಿಗೆ ಹೊತ್ತಾಗಿತ್ತು. ನನ್ನನ್ನು ಕೆಳಗೆ ಕರೆದು ಹೇಳಿದರು:

"ಒದ್ದೆ ಬಟ್ಟೆ ಅದರ ಮೇಲೆ ಹದಿನೈದು ನಿಮಿಷ ಇಡು. ಮೆತ್ತಗಾದ ಮೇಲೆ ಎತ್ತು. ತಿಕ್ಕಬೇಡ. ಕೇಳಿತಾ? ತಿಕ್ಕಲೇಬೇಡ."

ಹದಿನೈದು ನಿಮಿಷ! ರಜೆಯ ದಿನ, ಗೆಳತಿ ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿದ್ದಳು. ನಾನು ಮೇಲೆ ಹೋಗಿ ಸಿಂಕಿನಿಂದ ಅಮ್ಮನ ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ತಂದು, ಮೂರು ಉಜ್ಜಿನಲ್ಲಿ ಹಿಕ್ಕೆ ತೆಗೆದೆ. ಹಿಕ್ಕೆ ಹೋಯಿತು. ನೀರು ಆರಿದ ಮೇಲೆ, ಅದಿದ್ದ ಜಾಗದಲ್ಲಿ ಅಂಗೈಯಗಲದಷ್ಟು ಹೊಳಪು ಸತ್ತು, ಗೀರುಗೀರಾಗಿ, ಉಸಿರು ಬಿಟ್ಟ ಕನ್ನಡಿಯಂತೆ ಮಂಕಾಗಿತ್ತು. ನಾನು ಲಂಗದ ಅಂಚಿನಿಂದ ಒರೆಸಿದೆ, ಎಂಜಲು ಹಚ್ಚಿ ಒರೆಸಿದೆ. ಕೊನೆಗೆ ಕಾರಿನ ಕವರ್ ಎಳೆದು ಮುಚ್ಚಿ ಸೈಕಲ್ ಹೊಡೆಯಲು ಹೋದೆ. ಸಂಜೆ ಮಗಳು ತಾನಾಗಿಯೇ ಕವರ್ ಹಾಕಿದ್ದಾಳೆಂದು ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಅಮ್ಮನಿಗೆ ಎರಡು ಸಲ ಹೇಳಿದರು.

ಭಾನುವಾರ ಬೆಳಗ್ಗೆ ಕವರ್ ತೆಗೆದರು. ಬಗ್ಗಿ, ಅಡ್ಡಕ್ಕೆ ಕಣ್ಣಿಟ್ಟು ನೋಡಿದರು, ಬೆರಳಿನಿಂದ ಮುಟ್ಟಿ ನೋಡಿದರು. ಪಕ್ಕದ ಕಾರನ್ನು ಶರಣಪ್ಪ ಒರೆಸುತ್ತಿದ್ದ.

"ಇದೆಂತದು?" ಎಂದರು ಅವನ ಕಡೆ ತಿರುಗಿ.

"ಏನ್ರಿ ಅಣ್ಣಾರ?"

"ಎಂತದು ಇದು? ನಿನ್ನ ಹಾಳು ಬಟ್ಟೆ ನನ್ನ ಗಾಡಿಗೆ ಮುಟ್ಟಿಸಿದ್ದಿಯಲ್ಲ?"

"ನಾ ಯಾಕ ಮುಟ್ಟಲ್ರಿ? ಎಂದಾದ್ರ ಮುಟ್ಟೀನೇನು ನಿಮ್ಮ ಗಾಡಿ?"

"ನೀನಲ್ಲದೆ ಮತ್ಯಾರು? ಕೈಯಲ್ಲಿ ಬಟ್ಟೆ ಹಿಡಿದು ಇಲ್ಲಿ ಓಡಾಡುವವ ನೀನೊಬ್ಬನೇ. ನಾನು ನೋಡಿದ್ದೇನೆ."

ನೋಡಿರಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು, ಬಂದಮೇಲೆ ಹಿಂದೆ ಹೋಗಲಿಲ್ಲ. ಜನ ಗ್ಯಾಲರಿಗಳಲ್ಲಿ ನೆರೆದರು. ಸೊಸೈಟಿಯ ಸೆಕ್ರೆಟರಿ ತಾಂಬೆ ಕಾಕಾ ಹಲ್ಲುಜ್ಜುವ ಬ್ರಶ್ಶಿನೊಂದಿಗೇ ಕೆಳಗಿಳಿದು ಬಂದರು. ಅವರಿಗೆ ಜಗಳವೆಂದರೆ ಆಗದು. ಸೊಸೈಟಿ ಮೀಟಿಂಗಿನಲ್ಲಿ ತೀರ್ಮಾನವಾಗುವವರೆಗೆ ಶರಣಪ್ಪ ಒಳಗೆ ಬರುವುದು ಬೇಡ ಎಂದುಬಿಟ್ಟರು. ನಾನು ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಶರಣಪ್ಪ ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದ. ಬಟ್ಟೆ ಹಿಂಡಿ, ಕೊಡವಿ, ಹೆಗಲಿಗೆ ಹಾಕಿಕೊಂಡ. ಅರ್ಧ ಒರೆಸಿದ ಕಾರನ್ನು ಹಾಗೇ ಬಿಟ್ಟು ಗೇಟು ದಾಟಿ ಹೋದ.

ಶೀಳ್‌ಫಾಟಾ ರಸ್ತೆಯ ಧೂಳಿನಲ್ಲಿ ಕೋಪರಖೈರಣೆಗೆ ಹೋದೆವು. ಅಪ್ಪ ಕಾರಿನ ಮೂತಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರು, ನೆಂಟರಿಗೆ ಬಾನೆಟ್ಟು ಕಾಣಬಾರದೆಂದು. ಆದರೆ ಬಾಳೆಲೆಯ ಮುಂದೆ ಕೂತವರೇ ಎಲ್ಲರಿಗೂ ಕತೆ ಹೇಳತೊಡಗಿದರು. ಪಲ್ಯ ಬಡಿಸುವಾಗ ಶರಣಪ್ಪ ಬಟ್ಟೆ ಮುಟ್ಟಿಸಿದ್ದ. ಸಾರು ಬರುವಷ್ಟರಲ್ಲಿ ಬೇಕೆಂದೇ ತಿಕ್ಕಿದ್ದ. ಹೋಳಿಗೆ ಬಂದಾಗ ಅವನು ಎಷ್ಟೋ ದಿನದಿಂದ ಹೊಂಚು ಹಾಕಿದ್ದ. ನನ್ನ ಎಲೆಯ ಹೋಳಿಗೆ ತಣ್ಣಗಾಯಿತು. ಅಮ್ಮ ಎದುರು ಸಾಲಿನಿಂದ ನನ್ನನ್ನೇ ನೋಡುತ್ತಿದ್ದಳು.

ಒಂದು ವಾರ ಕಳೆಯಿತು. ಶನಿವಾರ ಮಧ್ಯಾಹ್ನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಸ್ಟೀಲ್ ಜುಂಗನ್ನು ಬಿಚ್ಚಿ ತೋರಿಸಿದಳು. ಎಳೆಗಳ ನಡುವೆ ಬಿಳಿ ಹುಡಿ ಸಿಕ್ಕಿಕೊಂಡಿತ್ತು.

"ನಮ್ಮ ಮನೆಯಲ್ಲಿ ಬಿಳಿ ಪಾತ್ರೆ ಯಾವುದುಂಟು?" ಎಂದಳು.

ನಾನು ಅಳತೊಡಗಿದೆ.

"ಅಳ್ಬೇಡ. ಆ ಶನಿವಾರ ರಾತ್ರಿ ಪಾತ್ರೆ ತೊಳೆಯುವಾಗ್ಲೇ ಕಂಡದ್ದು. ಬೆಳಿಗ್ಗೆ ಜಗಳ ಆದ ಮೇಲೆ ಅರ್ಥ ಆಯ್ತು. ನೀನಾಗಿ ಹೇಳ್ತಿಯಾ ಅಂತ ವಾರ ಕಾದೆ. ಅದು ನನ್ನ ತಪ್ಪು, ಕಾಯಬಾರ್ದಿತ್ತು. ಹೋಗು, ಅಪ್ಪನ ಹತ್ರ ಹೇಳು."

ಅಪ್ಪ ಗ್ಯಾಲರಿಯಲ್ಲಿ ಬನಿಯನ್ನು ತುಂಡು ಮಾಡುತ್ತಿದ್ದರು. ನಾನು ಬಿಕ್ಕುತ್ತ ಎಲ್ಲ ಹೇಳಿದೆ. ಕತ್ತರಿ ನಿಂತಿತು. ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ಅಪ್ಪ ಕೇಳಿದ್ದು ಇಷ್ಟು:

"ಒದ್ದೆ ಮಾಡಿ ತಿಕ್ಕಿದ್ದಾ, ಒಣಗಿದ್ದಕ್ಕೇ ತಿಕ್ಕಿದ್ದಾ?"

ಇಂದಿಗೂ ಆ ಪ್ರಶ್ನೆ ನೆನೆದರೆ ನನಗೆ ಎಲ್ಲಾದರೂ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ. ಆಮೇಲೆ ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಯಾರ ಹತ್ರವೂ ಹೇಳ್ಬೇಡ. ನಾನು ನೋಡ್ತೇನೆ," ಎಂದರು.

ನೋಡಲಿಲ್ಲ. ಮೂರು ವಾರವಾದರೂ ನೋಡಲಿಲ್ಲ. ತಾಂಬೆ ಕಾಕಾ ಎದುರಾದರೆ ನೀರಿನ ವಿಷಯ ಮಾತಾಡಿದರು, ಮಳೆಯ ವಿಷಯ ಮಾತಾಡಿದರು. ಬಿಲ್ಡಿಂಗಿನವರೆಲ್ಲ ಈಗ ತಮ್ಮ ತಮ್ಮ ಗಾಡಿಯನ್ನು ತಾವೇ ತೊಳೆಯಬೇಕಾಗಿ ಬಂದು, ಆರು ಗಂಟೆಗೆ ನಲ್ಲಿಯ ಮುಂದೆ ಲುಂಗಿ, ಬರ್ಮುಡಾಗಳ ಸಾಲು. ದಿನಾ ಜಗಳ. ಅಪ್ಪ ಅವರ ನಡುವೆ ನಿಂತು ಎರಡು ಬಕೆಟ್ಟಿನ ಶಾಸ್ತ್ರವನ್ನು ಉಪದೇಶಿಸುತ್ತಿದ್ದರು! ಅದನ್ನು ಗ್ಯಾಲರಿಯಿಂದ ಕಂಡ ದಿನ ಅಮ್ಮ ಅಟ್ಟಕ್ಕೆ ಏಣಿ ಹಾಕಿದಳು. ಪಾಲಿಶ್, ಶಾಂಪೂ, ಬ್ರಶ್ಶು, ಬಟ್ಟೆ ಎಲ್ಲವನ್ನೂ ಹೊರಬಾಗಿಲಿನ ಮುಂದೆ ರಾಶಿ ಹಾಕಿ, ಅಪ್ಪ ಮೇಲೆ ಬರುವವರೆಗೆ ಹೊಸ್ತಿಲಲ್ಲೇ ಕೂತಳು.

"ಇದೆಲ್ಲ ಎಂತ?" ಎಂದರು ಅಪ್ಪ.

"ಇದಕ್ಕಿನ್ನು ನನ್ನ ಅಡುಗೆಮನೆಯಲ್ಲಿ ಜಾಗ ಇಲ್ಲ. ಆ ಕಾರಿನಲ್ಲಿ ನಾನು ಕೂರುವುದೂ ಇಲ್ಲ."

"ಮಗುವಿನ ಹೆಸರು ಹಾಳಾಗುದಿಲ್ವಾ? ಬಿಲ್ಡಿಂಗಿನಲ್ಲಿ ನಾಲ್ಕು ಜನ ಎಂತ ಹೇಳಿಯಾರು?"

"ಮತ್ತೆ ಅವನ ಹೆಸರು?" ಎಂದಳು ಅಮ್ಮ. "ಅವನಿಗೆ ಹೆಸರಿಲ್ವಾ? ಮಗುವಿನ ಹೆಸರು ಅಂತೆ. ನಿಮ್ಮ ಮರ್ಯಾದೆ ಅಂತ ಹೇಳಿ, ಒಪ್ತೇನೆ." ಉಳಿದದ್ದು ತುಳುವಿನಲ್ಲಿ ಬಂತು. ಭಾಷೆ ಬಾರದಿದ್ದರೂ ಅಂದು ಅಪ್ಪನಿಗೆ ಪೂರ್ತಿ ಅರ್ಥವಾಯಿತು ಅನ್ನಿಸುತ್ತದೆ.

ಮೀಟಿಂಗು ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲೇ ನಡೆಯಿತು, ಪ್ಲಾಸ್ಟಿಕ್ ಕುರ್ಚಿ ಹಾಕಿ. ಅಮ್ಮ ಕೂತಿದ್ದಳು, ಅವಳ ಕುರ್ಚಿ ಹಿಡಿದು ನಾನು ನಿಂತಿದ್ದೆ. ನೀರು, ಲಿಫ್ಟಿಲ್ಲದ್ದು, ಗೋಡೆ ಸೋರುವುದು ಎಲ್ಲ ಮುಗಿದ ಮೇಲೆ ಶರಣಪ್ಪನ ವಿಷಯ ಬಂತು. ಅಪ್ಪ ಎದ್ದರು. ಅವರ ಮರಾಠಿ ಕಾರ್ಖಾನೆಯ ಗೇಟಿನೊಳಗೆ ಕಲಿತದ್ದು, ಅದರಲ್ಲಿ ಪದಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. "ತೋ ಡಾಗ್... ಮಾಝಾ ಹಾತಾನೇ ಝಾಲಾ," ಎಂದರು. ಆ ಕಲೆ ತನ್ನ ಕೈಯಿಂದಲೇ ಆದದ್ದು, ಶರಣಪ್ಪನ ತಪ್ಪಿಲ್ಲ. ಕೂತುಬಿಟ್ಟರು.

ನಾಲ್ಕು ವಾರದಿಂದ ಹೊಟ್ಟೆಯಲ್ಲಿ ಕೂತಿದ್ದದ್ದು ಅಲ್ಲಿಗೆ ಹಗುರಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಶರಣಪ್ಪನ ಮುಂದೆ ಬಾಯಿಗೆ ಬಂದ ಸುಳ್ಳು ಹೇಳಿದವರು ಇಲ್ಲಿ ಇನ್ನೊಂದು ಸುಳ್ಳು ಹೇಳಿ ಮುಗಿಸುತ್ತಿದ್ದಾರೆ, ಅದೂ ನನ್ನ ಹೆಸರಿನಲ್ಲಿ. ಯಾರು ಕೇಳಿದ್ದರು ಅವರನ್ನು?

"ಕಾಕಾ, ತೇ ಮೀ ಕೇಲಂ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. ಮಾಡಿದ್ದು ನಾನು, ಪಾತ್ರೆ ತಿಕ್ಕುವ ಜುಂಗಿನಿಂದ, ಜಗಳದ ದಿನ ಅಪ್ಪನಿಗೆ ಗೊತ್ತಿರಲಿಲ್ಲ, ಶರಣಪ್ಪ ಮುಟ್ಟಲೇ ಇಲ್ಲ, ಅವನು ಹೋಗುವಾಗ ನಾನು ಅಲ್ಲೇ ಇದ್ದೆ. ಎಲ್ಲವನ್ನೂ ಮರಾಠಿಯಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ, ನಿಲ್ಲಿಸದೆ ಹೇಳಿದೆ. ಯಾರೂ ಬೈಯಲಿಲ್ಲ. ತಾಂಬೆ ಕಾಕಾ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಹಿಂದಿನ ಸಾಲಿನಿಂದ ಒಬ್ಬರು, ಹಾಗಾದರೆ ಅವನು ನಾಳೆಯಿಂದಲೇ ಬರುತ್ತಾನಾ ಎಂದು ಕೇಳಿದರು. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ.

ಮರುದಿನ ಸಂಜೆ ಅಪ್ಪ ಕೆಲಸದಿಂದ ಬಂದವರು ಅಂಗಿ ಬದಲಿಸಿ, "ನಡಿ," ಎಂದರು. ಕಾರಿನ ಕೀಲಿ ಮುಟ್ಟಲಿಲ್ಲ. ಸ್ಟೇಷನ್ನಿಗೆ ಹೋಗಿ ಲೋಕಲ್ ಹತ್ತಿ ಶಹಾಡಿನಲ್ಲಿ ಇಳಿದೆವು. ತಾಂಬೆ ಕಾಕಾ ಗುರುತು ಹೇಳಿದ್ದರು. ಒಂದೊಂದು ಕೋಣೆಯ ಸಾಲುಮನೆಗಳ ಚಾಳಿನ ಮುಂದೆ ಶರಣಪ್ಪ ಮೊಳಕಾಲ ಮೇಲೆ ಪಂಚೆ ಎತ್ತಿ ಕಟ್ಟಿ, ಮೂಟೆಯ ಧೂಳು ತೊಳೆಯಲು ಕೈಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ. ನಮ್ಮನ್ನು ಕಂಡು ಚೊಂಬು ಕೆಳಗಿಟ್ಟ.

"ಬರ್ರಿ ಅಣ್ಣಾರ," ಎಂದ. ಅವನ ಹೆಂಡತಿ ಚಾಪೆ ತಂದು ಹಾಸಿದಳು, ಚಹಾಕ್ಕಿಟ್ಟಳು.

ಅಪ್ಪ ಕೂರಲಿಲ್ಲ. "ನನ್ನಿಂದ ತಪ್ಪಾಯ್ತು ಶರಣಪ್ಪ. ನಾನು ನೋಡಿರ್ಲಿಲ್ಲ. ನೋಡಿದೆ ಅಂತ ಹೇಳಿದ್ದು ಸುಳ್ಳು. ನೀನು ನಾಳೆಯಿಂದ ಬರ್ಬೇಕು."

"ಇಲ್ರಿ. ಕಲ್ಯಾಣದಾಗ ಒಂದು ಕಾಂಪ್ಲೆಕ್ಸ್ ಹಿಡದೀನಿ. ಅಲ್ಲಿ ನೀರು ಛಲೋ ಅದ, ಮನಿಗೂ ಹತ್ತರ. ಈಗ ಅವರಿಗಿ ಮಾತ ಕೊಟ್ಟೀನಿ." ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ.

"ತಪ್ಪು ನಂದು," ಎಂದೆ ನಾನು.

"ಗೊತ್ತದ ತಂಗಿ," ಎಂದ ಶರಣಪ್ಪ. "ಅವತ್ತ ಬಕೀಟ ಹಿಡಕೊಂಡು ನಿಂತಿದ್ದೆಲ್ಲ, ನಿನ್ನ ಮಾರಿ ನೋಡಿದ ಕೂಡಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವನು ಟವೆಲಿನಿಂದ ಕೈ ಒರೆಸಿಕೊಂಡ. "ನಾ ಹೇಳಿದ್ರ ಯಾರ ಕೇಳ್ತಿದ್ರವ್ವಾ?"

ಹೆಂಡತಿ ಚಹಾ ತಂದಳು. ಬಹಳ ಸಿಹಿಯಾಗಿತ್ತು. ಅಪ್ಪ ನಿಂತುಕೊಂಡೇ ಕುಡಿದರು.

ವಾಪಸು ಬರುವಾಗ ಶಹಾಡ್ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ತಡವಾಗಿತ್ತು. ಅಪ್ಪ ಇಂಡಿಕೇಟರ್ ನೋಡುತ್ತ ನಿಂತಿದ್ದರು. ಅದರಲ್ಲಿ ಏನೂ ಬರೆದಿರಲಿಲ್ಲ.

"ಅವನು ಹೇಳಿದ್ದು ಹೌದು," ಎಂದರು, ನನಗಲ್ಲ ಎಂಬಂತೆ. "ಅವನು ಹೇಳಿದ್ರೆ ನಾನು ಕೇಳ್ತಿರ್ಲಿಲ್ಲ."

ನಾನು ಏನಾದರೂ ಅನ್ನಬೇಕಿತ್ತು. ಅವರಾದರೂ ನನಗೆ ಎರಡು ಬೈಯಬೇಕಿತ್ತು, ಮೀಟಿಂಗಿನಲ್ಲಿ ಮಾತು ಮೀರಿದ್ದಕ್ಕಾದರೂ. ಬೈಯಲಿಲ್ಲ. "ನಿನಗೆ ಮರಾಠಿ ಚೆಂದ ಬರ್ತದೆ," ಎಂದರು. ಅಷ್ಟೇ. ನನಗೆ ಅಳು ಬಂತು, ಸಿಟ್ಟೂ ಬಂತು. ಗಾಡಿ ಬಂದಾಗ ಡಬ್ಬಿ ಹೆಚ್ಚುಕಡಿಮೆ ಖಾಲಿಯಿತ್ತು. ಅಪ್ಪ ಕಿಟಕಿಯ ಪಕ್ಕದ ಸೀಟು ತೋರಿಸಿ ಕೂತ್ಕೋ ಎಂದರು. ನೀವು ಕೂತ್ಕೊಳ್ಳಿ ಎಂದೆ. ಡೊಂಬಿವಲಿ ಬರುವವರೆಗೂ ಇಬ್ಬರೂ ಆ ಸೀಟಿನ ಎದುರು ನಿಂತೇ ಇದ್ದೆವು.